ಮೂರು ಸೆಂಟಿಮೀಟರ್, ನಾಲ್ಕು ಲಕ್ಷ

ತೂಕ ಇಳಿಸುವ ಆಪರೇಷನ್ನಿಗೆ ಮುಂಚೆ ಆಪ್ತಸಲಹೆಗಾರರನ್ನು ಒಮ್ಮೆ ಕಂಡು ಬನ್ನಿ ಎಂದು ಒಳ್ಳೆಯ ಸರ್ಜನ್ನರು ಕಳಿಸುತ್ತಾರೆ. ಬರುವವರಿಗೆ ಸಾಮಾನ್ಯವಾಗಿ ಬೇಕಿರುವುದು ನನ್ನ ಸಹಿ, ನಾನಲ್ಲ. ಇನ್ಶೂರೆನ್ಸ್ ಫೈಲಿಗೆ ಸೇರಬೇಕಾದ ಕಾಗದಗಳಲ್ಲಿ ಇದೂ ಒಂದು ಎಂದುಕೊಂಡು ಬರುತ್ತಾರೆ. ಅದಕ್ಕೆ ನನಗೇನೂ ಬೇಸರವಿಲ್ಲ. ಕಾಗದದ ನೆಪದಲ್ಲಾದರೂ ಬಂದು ಕೂರುತ್ತಾರಲ್ಲ. ಆದರೆ ಈಚೆಗೆ ಒಂದು ಪ್ರಶ್ನೆ ಬೇರೆ ಬೇರೆಯವರ ಬಾಯಿಂದ ಕೇಳಿಬರುತ್ತಿದೆ: "ಅಪ್ರೂವಲ್‌ಗೆ ತೂಕ ಸಾಲದಂತೆ. ಸ್ವಲ್ಪ ಜಾಸ್ತಿ ಮಾಡ್ಕೊಂಡ್ರೆ ತಪ್ಪೇನು?" ಇದನ್ನು ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ಹಾಗೆ ಕೇಳಿದವರಲ್ಲಿ ಒಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.

ಅವರನ್ನು ಸುಮಾ ಎನ್ನೋಣ. ವಯಸ್ಸು ಮೂವತ್ತಾರು, ತುಮಕೂರು ಕಡೆಯವರು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ವಿಮೆ ಅವರ ಕಂಪನಿಯ ಗುಂಪು ಪಾಲಿಸಿಯಲ್ಲಿದೆ. ಮನೆಯಲ್ಲಿ ಅತ್ತೆ, ಒಬ್ಬಳು ಮಗಳು. ಬಸುರಿಯಿದ್ದಾಗ ಕಾಣಿಸಿಕೊಂಡ ಶುಗರ್ ಹೆರಿಗೆಯ ನಂತರ ಹೋಗಿ, ಕೆಲವು ವರ್ಷಕ್ಕೆ ಮತ್ತೆ ಬಂದು ಉಳಿದುಬಿಟ್ಟಿತ್ತು. ಮಾತ್ರೆ ನುಂಗುತ್ತಿದ್ದರೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.4. ಎತ್ತರ 160 ಸೆಂಟಿಮೀಟರ್, ತೂಕ 87 ಕೆಜಿ. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಲೆಕ್ಕ ಹಾಕಿದರೆ 34.

ಆ 34 ತಂದಿಟ್ಟ ಇಕ್ಕಟ್ಟು ಏನೆಂದು ಸ್ವಲ್ಪ ವಿವರಿಸಬೇಕು. ಬೊಜ್ಜಿನ ಆಪರೇಷನ್ನಿಗೆ ವಿಮೆ ಸಿಗುವುದೇ ಇಲ್ಲ ಎಂಬ ಕಾಲ ಹೋಗಿದೆ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಆರೋಗ್ಯ ವಿಮೆಯಲ್ಲಿ ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಎಂಬ ಪಟ್ಟಿಗೆ ಎಲ್ಲ ಕಂಪನಿಗಳೂ ಒಂದೇ ಭಾಷೆ ಬಳಸಬೇಕೆಂದು ಹೇಳಿತು. ಅದರಲ್ಲಿ ಬೊಜ್ಜಿನ ಷರತ್ತು ಹೀಗಿದೆ: ವೈದ್ಯರ ಸಲಹೆ ಇರಬೇಕು, ಚಿಕಿತ್ಸೆ ವೈದ್ಯಕೀಯ ಕ್ರಮಕ್ಕೆ ತಕ್ಕದ್ದಾಗಿರಬೇಕು, ವಯಸ್ಸು ಹದಿನೆಂಟು ತುಂಬಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು. 40 ಇಲ್ಲದಿದ್ದರೆ ಕನಿಷ್ಠ 35 ಇದ್ದು, ಬೊಜ್ಜಿನಿಂದ ಬಂದ ಹೃದಯಸ್ನಾಯುವಿನ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆ, ಹತೋಟಿಗೆ ಬಾರದ ಟೈಪ್ 2 ಮಧುಮೇಹ, ಈ ನಾಲ್ಕರಲ್ಲಿ ಒಂದಾದರೂ ಜೊತೆಗಿರಬೇಕು. ಪಥ್ಯ, ವ್ಯಾಯಾಮ, ಔಷಧಿಯಂಥ ಸರಳ ದಾರಿಗಳು ಸೋತಿರಬೇಕು. ಮಂಡಿನೋವು ಈ ಪಟ್ಟಿಯಲ್ಲಿಲ್ಲ. ಪಿಸಿಒಡಿ ಇಲ್ಲ. ಮದುವೆಮನೆಗೆ ಹೋಗಲು ನಾಚಿಕೆಯಾಗುತ್ತದೆ ಎಂಬುದಂತೂ ಇಲ್ಲವೇ ಇಲ್ಲ.

ಈ 35 ಮತ್ತು 40ರ ಗೆರೆಗಳು 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಎಳೆದಂಥವು. ನಮ್ಮವರಿಗೆ ಅದಕ್ಕಿಂತ ಕಡಿಮೆ ತೂಕಕ್ಕೇ ಶುಗರ್, ಹೃದಯದ ತೊಂದರೆ ಬರುತ್ತವೆ ಎಂದು 2009ರಲ್ಲಿ ಭಾರತದ ತಜ್ಞರು ಗೆರೆಯನ್ನು 32.5 ಮತ್ತು 37.5ಕ್ಕೆ ಇಳಿಸಿದರು. 2022ರಲ್ಲಿ ಈ ಕ್ಷೇತ್ರದ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ ಇನ್ನೂ ಕೆಳಗೆ, 27.5ಕ್ಕೆ ತಂದವು. ಹೀಗಾಗಿ ಸರ್ಜನ್ ಪ್ರಕಾರ ಸುಮಾ ಆಪರೇಷನ್ನಿಗೆ ಅರ್ಹರು, ಪಾಲಿಸಿಯ ಪ್ರಕಾರ ಅಲ್ಲ. ಸರ್ಜನ್ ಹೇಳಿದ್ದೂ ಸರಿ, ಪಾಲಿಸಿಯಲ್ಲಿ ಅಚ್ಚಾಗಿರುವುದೂ ಹಾಗೆಯೇ ಇದೆ. ನಡುವೆ ಸಿಕ್ಕಿಕೊಂಡವರಿಗೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಯಾರೋ ಹೇಳಿದ್ದರಂತೆ: "ಇನ್ನೊಂದು ಮೂರು ಕೆಜಿ ಇದ್ದಿದ್ರೆ ಆಗ್ತಿತ್ತು ನೋಡಿ."

ಮೊದಲ ಸಲ ಬಂದಾಗ ಸುಮಾ ಇದನ್ನೆಲ್ಲ ಹೇಳಲಿಲ್ಲ. ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರ ಕೊಟ್ಟರು. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಒಂದು ಚಪಾತಿ. ಇಷ್ಟು ತಿಂದು 87 ಕೆಜಿ ಆಗುವುದು ಕಷ್ಟ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಕೆದಕಲಿಲ್ಲ. ದಪ್ಪಗಿರುವವರು ಊಟದ ವಿಷಯದಲ್ಲಿ ಜೀವನಪೂರ್ತಿ ಸಾಕ್ಷಿಕಟ್ಟೆಯಲ್ಲೇ ನಿಂತಿರುತ್ತಾರೆ. ಇಲ್ಲೂ ಅವರನ್ನು ಅಲ್ಲೇ ನಿಲ್ಲಿಸಬಾರದು ಎಂಬುದು ನನ್ನ ಪದ್ಧತಿ. ಇನ್ನೊಮ್ಮೆ ಬನ್ನಿ ಎಂದೆ.

ಮತ್ತೆ ಬಂದಾಗ ಮುಖ ಬಾಡಿತ್ತು. ಕೂರುತ್ತಲೇ, "ತೂಕ ಏರ್ತಾನೇ ಇಲ್ಲ ಮೇಡಂ" ಎಂದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಏರಬೇಕಿತ್ತೇ ಎಂದು ಕೇಳಿದೆ. ಆಗ ಎಲ್ಲ ಹೊರಬಂತು. 35 ಮುಟ್ಟಬೇಕೆಂದರೆ 89.6 ಕೆಜಿ ಆಗಬೇಕು. ಗಂಡ ಫೋನಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಅತ್ತೆಗೂ ಹೇಳಿದ್ದಾರೆ. ಮನೆಯಲ್ಲಿ ಎಲ್ಲರೂ ಸೇರಿ ಸುಮಾ ಅವರ ತೂಕ ಹೆಚ್ಚಿಸಲು ಹೊರಟಿದ್ದಾರೆ. ಬೆಣ್ಣೆ ಹಾಕಿದ ದೋಸೆ, ಅನ್ನಕ್ಕೆ ತುಪ್ಪ, ಸಂಜೆಗೆ ಬೇಕರಿಯಿಂದ ತಂದ ಪಫ್. ಕೆಲವು ವಾರ ಹೀಗೆ ತಿಂದರೂ ತಕ್ಕಡಿ 87.6ಕ್ಕೆ ನಿಂತಿದೆ.

"ಅತ್ತೇನೇ ಕೂರಿಸ್ಕೊಂಡು ಬಡಿಸ್ತಾರೆ ಮೇಡಂ. ಇನ್ನೊಂದು ಹಾಕ್ಕೊಳೇ, ಆಪರೇಷನ್‌ಗೆ ಬೇಕಲ್ಲ ಅಂತಾರೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮದುವೆಯಾದಾಗಿಂದ ನಾನು ಹೊಟ್ಟೆ ತುಂಬ ಊಟ ಮಾಡಿ ಯಾರ ಹತ್ರನೂ ಏನೂ ಅನ್ನಿಸ್ಕೊಳ್ಳದೇ ಇರೋದು ಇದೇ ಮೊದಲು."

ಅಳಲಿಲ್ಲ. ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು.

ಮುಂಚೆ ಹೇಗಿತ್ತು ಎಂದು ಕೇಳಿದೆ. ಎಲ್ಲರ ಜೊತೆ ಕೂತಾಗ ಅರ್ಧ ಮುದ್ದೆ, ಅದು ಸುಳ್ಳಲ್ಲ. ಎರಡನೇ ಸಲ ಸಾರು ಬಡಿಸಿಕೊಂಡರೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ, ತಟ್ಟೆಯ ಕಡೆ ನೋಡುತ್ತಿದ್ದರು, ಅಷ್ಟೇ. ಗಂಡ ತಮಾಷೆ ಮಾಡುತ್ತಿದ್ದರು. ಮಗಳೂ ಕಲಿತಿದ್ದಳು: "ಅಮ್ಮ, ಸಾಕು." ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ, ಲೈಟು ಹಾಕದೆ, ನಿಂತೇ ತಿನ್ನುತ್ತಿದ್ದರು. ಮಿಕ್ಕಿದ ಅನ್ನಕ್ಕೆ ಮೊಸರು, ಉಪ್ಪಿನಕಾಯಿ. ಮಗಳ ಬಿಸ್ಕತ್ತು. ಹಬ್ಬದ ಒಬ್ಬಟ್ಟು ಉಳಿದಿದ್ದರೆ ಅದೂ. ಬೆಳಿಗ್ಗೆ ಪಾತ್ರೆ ಖಾಲಿಯಾಗಿದ್ದಕ್ಕೆ ಕೆಲಸದವಳಿಗೆ ಕೊಟ್ಟೆ ಎನ್ನುತ್ತಿದ್ದರು.

"ಈಗಲೂ ರಾತ್ರಿ ಎದ್ದು ಹೋಗ್ತೀರಾ?"

ಯೋಚಿಸಿದರು. "ಇಲ್ಲ ಮೇಡಂ. ಹಸಿವೇ ಆಗಲ್ಲ. ನಿದ್ದೆ ಬಂದುಬಿಡುತ್ತೆ." ಮತ್ತೆ, ತಮಗೇ ಆಗಷ್ಟೇ ಹೊಳೆದ ಹಾಗೆ, "ಅದಕ್ಕೇ ಏರ್ತಿಲ್ವಾ?"

ಬೇಕೆಂದೇ ತಿಂದರೂ ತೂಕ ಏರದಿದ್ದುದು ಅದಕ್ಕೇ. ಎಲ್ಲರೆದುರು ಒಬ್ಬಟ್ಟು ತಿನ್ನಬಹುದಾದ ಮನೆಯಲ್ಲಿ ಕತ್ತಲಲ್ಲಿ ತಿನ್ನುವ ಅಗತ್ಯ ಬೀಳಲಿಲ್ಲ. ಇದನ್ನು ಸೂತ್ರ ಮಾಡಿಕೊಳ್ಳಬೇಡಿ. ಬೆಣ್ಣೆದೋಸೆ ತಿಂದರೆ ತೂಕ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಸುಮಾ ಅವರ ಶುಗರ್ ಕೂಡ ಆ ವಾರಗಳಲ್ಲಿ ಇಳಿದಿರಲಿಲ್ಲ. ಆದರೆ ಆಪರೇಷನ್ನಿಗೆ ಸಿದ್ಧತೆ ನೋಡಬೇಕಾದ ನನಗೆ ಬಿಎಂಐಗಿಂತ ಮುಖ್ಯವಾದ ಸಂಗತಿ ಇಲ್ಲಿ ಸಿಕ್ಕಿತ್ತು.

ಯಾಕೆಂದರೆ, ತೂಕ ಇಳಿಸಲು ಮಾಡುವ ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಹೆಚ್ಚೂಕಡಿಮೆ ಮುಕ್ಕಾಲು ಭಾಗ ತೆಗೆಯುತ್ತಾರೆ. ಮೊದಲ ವಾರಗಳು ಬರೀ ದ್ರವ ಆಹಾರ, ಆಮೇಲೆ ಮೆತ್ತನೆಯದು. ಮುಂದೆಯೂ ಚಿಕ್ಕ ತುತ್ತು, ನಿಧಾನ, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ. ಆಗ ಮನೆಯವರೆಲ್ಲ ತಟ್ಟೆಯನ್ನು ಈಗಿನದಕ್ಕಿಂತ ಹೆಚ್ಚು ನೋಡುತ್ತಾರೆ. ಪ್ರೀತಿಯಿಂದಲೇ ನೋಡುತ್ತಾರೆ. ಕದ್ದು ತಿನ್ನುವುದನ್ನು ರೂಢಿ ಮಾಡಿಕೊಂಡವರಿಗೆ ಅದು ಹಳೆಯ ಅಡುಗೆಮನೆಗೇ ದಾರಿ. ಮುದ್ದೆ ಹಿಡಿಯದ ಹೊಟ್ಟೆಯಲ್ಲಿ ಐಸ್‌ಕ್ರೀಮು, ಪಾಯಸ, ಸಕ್ಕರೆ ಹಾಲು ಸಲೀಸಾಗಿ ಇಳಿಯುತ್ತವೆ. ಆಪರೇಷನ್ ಮಾಡಿಸಿಕೊಂಡು ಕೆಲವು ವರ್ಷಕ್ಕೆ ತೂಕ ಮರಳಿ ಬಂದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹಲವರಿಗೆ ಹೊಟ್ಟೆಗಿಂತ ಹೆಚ್ಚು ಕಾಟ ಕೊಟ್ಟಿದ್ದು ಗುಟ್ಟು.

ಇಷ್ಟು ಹಿನ್ನೆಲೆಯಲ್ಲಿ ನಾನು ಕೊಟ್ಟ ಸಲಹೆ: ತೂಕ ಏರಿಸುವುದನ್ನು ಇವತ್ತೇ ನಿಲ್ಲಿಸಿ, ಹೊಟ್ಟೆ ತುಂಬ ಎಲ್ಲರೆದುರು ಉಣ್ಣುವುದನ್ನು ನಿಲ್ಲಿಸಬೇಡಿ. ಬಡಿಸುವುದೇನು ಎಂದು ಡಯಟೀಷಿಯನ್ ಹೇಳಲಿ. ಕಣ್ಣು ಮಾತ್ರ ತಟ್ಟೆಯ ಮೇಲೆ ಬೇಡ. ಮುಂದಿನ ಸಲ ಅತ್ತೆಯನ್ನು ಕರೆತನ್ನಿ. ಸರ್ಜನ್ನರಿಗೆ ಬರೆದ ಪತ್ರದಲ್ಲಿ ಆಪರೇಷನ್ ಬೇಡ ಎನ್ನಲಿಲ್ಲ. ರಾತ್ರಿ ತಿನ್ನುವುದರ ಮೇಲೆ ಕೆಲವು ತಿಂಗಳು ಕೆಲಸ ಮಾಡಿ ಮತ್ತೆ ನೋಡೋಣ ಎಂದೆ. ಸರ್ಜನ್ ಒಪ್ಪಿದರು. ಆಪರೇಷನ್ನಿಗೆ ಮುಂಚೆ ಲಿವರಿನ ಕೊಬ್ಬು ಕರಗಲೆಂದು ಅವರೇ ಪಥ್ಯ ಮಾಡಿಸುತ್ತಾರೆ. ತಿಂದು ತೂಕ ಏರಿಸಿ ಬರುವುದು ಅವರ ಚಾಕುವಿಗೇ ತೊಡಕು.

ಗಂಡ ಒಪ್ಪಲಿಲ್ಲ. ಅವರು ಒಬ್ಬರೇ ಬಂದು ಕೂತರು. ಪರಿಚಯದವರೊಬ್ಬರು ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರಂತೆ: ಎತ್ತರವನ್ನು 157 ಎಂದು ಬರೆಸಿದರೆ ಅದೇ 87 ಕೆಜಿಗೆ ಬಿಎಂಐ 35 ದಾಟುತ್ತದೆ. "ಮೂರು ಸೆಂಟಿಮೀಟರ್‌ಗೋಸ್ಕರ ನಾಲ್ಕು ಲಕ್ಷ ಕಳ್ಕೊಳ್ಳೋಕಾಗುತ್ತಾ ಮೇಡಂ? ಯಾರಿಗೆ ನಷ್ಟ?"

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು, ಅದನ್ನು ಅವರಿಗೆ ಹೇಳಿದೆ. ನಮ್ಮ ಮೈಗೆ ಹೊಂದದ ಗೆರೆಯನ್ನು ನಮ್ಮ ಪಾಲಿಸಿಗಳು ಇಟ್ಟುಕೊಂಡಿರುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಹಾಗೆಂದು ಸುಳ್ಳು ಅಳತೆಗೆ ನಾನು ತಲೆಯಾಡಿಸುವುದಿಲ್ಲ. ಉಪದೇಶ ಮಾಡುತ್ತೀರಿ ಎಂದರು. ಉಪದೇಶ ಬದಿಗಿಟ್ಟು ಲೆಕ್ಕ ಹೇಳಿದೆ. ಎತ್ತರ ಒಂದೇ ಕಡೆ ಇರುವುದಿಲ್ಲ. ಹೆರಿಗೆಯ ಫೈಲಿನಲ್ಲಿದೆ, ಶುಗರ್ ಡಾಕ್ಟರ ಚೀಟಿಯಲ್ಲಿದೆ, ಅರಿವಳಿಕೆ ಕೊಡುವವರು ತಾವೇ ಅಳೆದು ಬರೆಯುತ್ತಾರೆ. ವಿಮಾ ಕಂಪನಿ ಕೇಸ್ ಶೀಟು ತರಿಸಿ ಹೊಂದಿಸಿ ನೋಡುತ್ತದೆ. 60 ತಿಂಗಳು ತಪ್ಪದೆ ಪ್ರೀಮಿಯಂ ಕಟ್ಟಿದ ಮೇಲೆ ಹಳೆಯ ವಿಷಯ ಮುಚ್ಚಿಟ್ಟಿರಿ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂಬ ರಕ್ಷಣೆ ಈಗ ಇದೆ. ಮೋಸ ಸಾಬೀತಾದರೆ ಆ ರಕ್ಷಣೆ ಇಲ್ಲ. ಪಾಲಿಸಿ ಕೆಲಸ ಮಾಡುವ ಕಂಪನಿಯ ಹೆಸರಿನಲ್ಲಿರುವುದರಿಂದ ಕೆಲಸಕ್ಕೂ ಕುತ್ತು. ಕೊನೆಯ ಮಾತಿಗೆ ಅವರು ಸುಮ್ಮನಾದರು, ನನ್ನ ನೀತಿಗಲ್ಲ.

ಬದಲಿಗೆ ಮಾಡಬಹುದಾದ್ದು ಇತ್ತು. ಗುಂಪು ಪಾಲಿಸಿಯ ಷರತ್ತುಗಳನ್ನು ಕಂಪನಿ ಮತ್ತು ವಿಮೆಯವರು ಕೂತು ಮಾತಾಡಿಕೊಂಡಿರುತ್ತಾರೆ, ಬೊಜ್ಜಿನ ಆಪರೇಷನ್ನಿಗೆ ಬೇರೆ ಸೌಲಭ್ಯ ಸೇರಿಸಿರಲೂಬಹುದು. ಡೆಸ್ಕಿನವರ ಬಾಯಿಮಾತು ನಂಬದೆ ಎಚ್ಆರ್‌ಗೆ ಇಮೇಲ್ ಬರೆದು ಉತ್ತರ ಬರವಣಿಗೆಯಲ್ಲಿ ತರಿಸಿಕೊಳ್ಳಿ ಎಂದೆ.

ಸುಮಾ ಅವರಂತಲ್ಲದೆ ನಿಜವಾಗಿ ಷರತ್ತಿನೊಳಗೆ ಬರುವವರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅವರೂ ಸೋಲುತ್ತಾರೆ. ಬಿಎಂಐ 37, ಎಚ್‌ಬಿಎ1ಸಿ ಹತ್ತರ ಹತ್ತಿರ ಇದ್ದವರ ಪತ್ರದಲ್ಲಿ ವೈದ್ಯರು 'ಮಂಡಿನೋವು, ತೂಕ ಇಳಿಸುವುದು ಅಗತ್ಯ' ಎಂದಷ್ಟೇ ಬರೆದು ಕ್ಲೇಮ್ ಬಿದ್ದದ್ದನ್ನು ನೋಡಿದ್ದೇನೆ. ಪತ್ರದಲ್ಲಿ ಎತ್ತರ, ತೂಕ, ಬಿಎಂಐ, ಪಟ್ಟಿಯಲ್ಲಿರುವ ಕಾಯಿಲೆಯ ಹೆಸರು, ಅದಕ್ಕೆ ಎಷ್ಟು ಕಾಲದಿಂದ ಯಾವ ಮಾತ್ರೆ, ಆದರೂ ಹತೋಟಿಗೆ ಬಂದಿಲ್ಲ ಎಂಬುದು ಇರಬೇಕು. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದ್ದರೆ ನಿದ್ದೆಯ ಪರೀಕ್ಷೆಯ ವರದಿ ಬೇಕು. ಪಥ್ಯ ಮಾಡಿ ಸೋತಿದ್ದಕ್ಕೆ ಡಯಟೀಷಿಯನ್ ಚೀಟಿ, ಆಗಾಗ ಬರೆದಿಟ್ಟ ತೂಕ ಬೇಕು. ನಮ್ಮಲ್ಲಿ ಪಥ್ಯ ಮಾಡದವರಿಲ್ಲ, ಅದರ ಚೀಟಿ ಇಟ್ಟುಕೊಂಡವರೂ ಇಲ್ಲ. ಷರತ್ತು ಹೊಂದಿದ್ದೂ ತಿರಸ್ಕರಿಸಿದರೆ ಮೊದಲು ವಿಮಾ ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ ಇಂಥ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ. ಒಂದು ವರ್ಷದೊಳಗೆ ಹೋಗಬೇಕು.

ಅತ್ತೆ ಬಂದರು. ಸೆರಗು ಬಿಗಿಹಿಡಿದು, ಬೈಸಿಕೊಳ್ಳಲು ತಯಾರಾಗಿಯೇ ಕೂತರು. ಸೊಸೆ ರಾತ್ರಿ ಎದ್ದು ತಿನ್ನುತ್ತಿದ್ದುದು ಅವರಿಗೆ ಗೊತ್ತಿತ್ತು. "ಗೊತ್ತಿಲ್ದೆ ಇರ್ತದಾ? ಅನ್ನ ಕಮ್ಮಿಯಾಗಿರೋದು ಕಾಣಲ್ವಾ? ಕೇಳಿದ್ರೆ ನೊಂದ್ಕೋತಾಳೆ ಅಂತ ಸುಮ್ನಿದ್ದೆ." ಸುಮಾ ಅವರ ಮುಖವನ್ನೇ ನೋಡಿದರು. ಇಬ್ಬರಿಗೂ ಒಂದೇ ಗುಟ್ಟು, ಇಬ್ಬರೂ ಬೇರೆ ಬೇರೆಯಾಗಿ ಕಾಪಾಡಿಕೊಂಡಿದ್ದರು. ಆ ದಿನ ನಾನು ಹೆಚ್ಚು ಮಾತಾಡುವ ಅಗತ್ಯ ಬೀಳಲಿಲ್ಲ.

ಎಚ್ಆರ್‌ನಿಂದ ಬಂದ ಉತ್ತರದಲ್ಲಿ ಮಾಮೂಲಿ ಷರತ್ತೇ ಇತ್ತು. ಏಪ್ರಿಲ್‌ನಲ್ಲಿ ಪಾಲಿಸಿ ನವೀಕರಿಸುವಾಗ ಕೇಳಿ ನೋಡುತ್ತೇವೆ ಎಂದಿದ್ದಾರೆ. ಸುಮಾ ಈಗ ತಿಂಗಳಿಗೊಮ್ಮೆ ಬರುತ್ತಾರೆ. ತೂಕ 84, ಬಿಎಂಐ 32.8, ವಿಮೆಯ ಗೆರೆಯಿಂದ ಇನ್ನಷ್ಟು ದೂರ, ಸರ್ಜನ್ನರ ಗೆರೆಯ ಒಳಗೆ ಮಾತ್ರ ಈಗಲೂ ಇದ್ದಾರೆ. ಶುಗರ್ ಡಾಕ್ಟರು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದಿದ್ದಾರೆ. ಆಸ್ಪತ್ರೆಗೆ ಸೇರದೆ ತೆಗೆದುಕೊಳ್ಳುವ ಔಷಧಿಯಾದ್ದರಿಂದ ಅವರ ಪಾಲಿಸಿ ಅದಕ್ಕೂ ದುಡ್ಡು ಕೊಡುವುದಿಲ್ಲ. ಬ್ಲೌಸಿನ ದುಡ್ಡಿನಲ್ಲಿ ಅರ್ಧ ಅದಕ್ಕೆ ಹೋಗುತ್ತದೆ. ಗಂಡ ಈಗಲೂ ನನ್ನನ್ನು ಕಂಡರೆ ನಮಸ್ಕಾರ ಮಾತ್ರ ಮಾಡುತ್ತಾರೆ. ನಾಲ್ಕು ಲಕ್ಷದ ಲೆಕ್ಕ ಅವರ ಮನಸ್ಸಿನಿಂದ ಹೋಗಿಲ್ಲ, ಹೋಗಬೇಕೆಂದು ನಾನೂ ನಿರೀಕ್ಷಿಸುವುದಿಲ್ಲ.