ಏರ್‌ಲೈನ್‌ಗಳು ವಿಲೀನವಾದರೆ ಫ್ಲೈಟ್ ಡಿಸ್ಪ್ಯಾಚರ್‌ಗಳ ಕೆಲಸದ ಗತಿ ಏನು?

ಕೆಲಸ ಹೋಗುವುದಕ್ಕಿಂತ ಊರು ಮತ್ತು ಸೀನಿಯಾರಿಟಿ ಬದಲಾಗುವುದೇ ಹೆಚ್ಚು. ಅಮೆರಿಕದ ಏರ್‌ಲೈನ್‌ಗಳಲ್ಲಿ ನಿಗದಿತ ಹಾರಾಟಕ್ಕೆ ಕ್ಯಾಪ್ಟನ್ ಜೊತೆ, ನೆಲದಿಂದಲೇ ಹಾರಾಟ ಯೋಜಿಸಿ ನಿಗಾ ಇಡುವ ಡಿಸ್ಪ್ಯಾಚರ್ ಕೂಡ ಕಾನೂನು ಪ್ರಕಾರ ಹೊಣೆಗಾರ; ಹಾರಾಟಗಳು ಕಡಿಮೆಯಾಗದಿದ್ದರೆ ಡೆಸ್ಕ್‌ಗಳೂ ಬೇಕೇ ಬೇಕು. ಆದರೆ ಡಿಸ್ಪ್ಯಾಚರ್‌ಗಳು ಕೂರುವ ಕಂಟ್ರೋಲ್ ಸೆಂಟರ್ ಎರಡೆರಡನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. 2013ರಲ್ಲಿ ಅಮೆರಿಕನ್ ಮತ್ತು ಯುಎಸ್ ಏರ್‌ವೇಸ್ ಒಂದಾದವು. 2015ರಲ್ಲಿ ಯುಎಸ್ ಏರ್‌ವೇಸ್‌ನ ಪಿಟ್ಸ್‌ಬರ್ಗ್ ಸೆಂಟರ್ ಮುಚ್ಚಿ ಕೆಲಸವೆಲ್ಲ ಫೋರ್ಟ್ ವರ್ತ್‌ಗೆ ಹೋಯಿತು.

ನಿಜವಾದ ಜಗಳ, ಪಾಳಿ ಮತ್ತು ರಜೆ ಆರಿಸುವ ಸರದಿ ನಿರ್ಧರಿಸುವ ಸೀನಿಯಾರಿಟಿ ಪಟ್ಟಿಯದು. ಎರಡು ಪಟ್ಟಿ ಬೆಸೆದಾಗ 40ನೇ ಸ್ಥಾನದಲ್ಲಿದ್ದವರು 90ಕ್ಕೆ ಇಳಿದರೆ, ಕಷ್ಟಪಟ್ಟು ಗಳಿಸಿದ ಹಗಲು ಪಾಳಿ ಹೋಗಿ ಮತ್ತೆ ರಾತ್ರಿ ಪಾಳಿ, ಹಬ್ಬಕ್ಕೂ ರಜೆಯಿಲ್ಲ. ಪಟ್ಟಿ ನ್ಯಾಯವಾಗಿ ಬೆಸೆಯಬೇಕು, ಒಪ್ಪಂದವಾಗದಿದ್ದರೆ ಮಧ್ಯಸ್ಥಿಕೆಗೆ ಹೋಗಬೇಕು ಎನ್ನುತ್ತದೆ ಅಮೆರಿಕದ 2007ರ ಮೆಕ್ಯಾಸ್ಕಿಲ್-ಬಾಂಡ್ ಕಾನೂನು. ಹೊಸಬರಿಗೆ ನನ್ನ ಸಲಹೆ: ವಿಲೀನದ ಗದ್ದಲ ಮುಗಿಯಲಿ ಎಂದು ಕಾಯಬೇಡಿ. ಊರು ಬಿಡಲಾಗದೆ ಹಳಬರು ಹೊರಟಾಗ ಅವರ ಕುರ್ಚಿಗಳು ಖಾಲಿಯಾಗುತ್ತವೆ.