ಏರಿದ ತೆರಿಗೆ ಯಾರ ತಲೆಗೆ?

ಫ್ಲೋರಿಡಾದಲ್ಲಿ ಅಂಗಡಿ ಬಾಡಿಗೆಗೆ ಹಿಡಿಯಲೇ? ಪ್ರಶ್ನೆ ಅದೇ, ಕೇಳುವವರ ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಫ್ಲೋರಿಡಾದ ಸೇಂಟ್ ಜಾನ್ಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ), ಸಮುದ್ರದ ಹತ್ತಿರ, ದರ್ಶಿನಿ ಥರದ ಹೋಟೆಲು ಶುರುಮಾಡುವ ಆಸೆ. ಗ್ರೀನ್ ಕಾರ್ಡ್ ಇದೆ. ಬಾಡಿಗೆಯೂ ಕಡಿಮೆಯೇ ಅನಿಸಿತು. ‘ಜನ ಬಂದು ತುಂಬುತ್ತಿದ್ದಾರೆ, ಬೇಗ ಸಹಿ ಹಾಕಿ’ ಅನ್ನುತ್ತಾರೆ ಬ್ರೋಕರ್. ಹಾಕಲೇ?

ಉತ್ತರ: ಈಗಲೇ ಬೇಡ. ಜನ ಬರುತ್ತಿರುವುದು ನಿಜ. ಕೌಂಟಿಯಲ್ಲಿ 2010ರ ಜನಗಣತಿಯಲ್ಲಿ 1,90,039 ಇದ್ದವರು 2020ಕ್ಕೆ 2,73,425 ಆದರು. ಆದರೆ ಹೊಸ ಬಡಾವಣೆಗಳು ಹೆಚ್ಚಾಗಿ ಎದ್ದಿರುವುದು ಒಳಭಾಗದಲ್ಲಿ. ಬೆಳಗಿನ ಇಡ್ಲಿಗೆಂದು ಅವರು ಬೀಚಿನ ತನಕ ಕಾರು ಓಡಿಸುತ್ತಾರೆಯೇ? ಇದನ್ನು ಬ್ರೋಕರ್ ಹೇಳುವುದಿಲ್ಲ.

ನೀವು ಕಳಿಸಿದ ಕರಾರಿನಲ್ಲಿ ‘ಟ್ರಿಪಲ್ ನೆಟ್’ ಅಂತಿದೆ, ನೋಡಿದಿರಾ? ಬಾಡಿಗೆಯ ಮೇಲೆ ಕಟ್ಟಡದ ತೆರಿಗೆ, ವಿಮೆ, ನಿರ್ವಹಣೆಯಲ್ಲಿ ನಿಮ್ಮ ಪಾಲನ್ನೂ ನೀವೇ ಕಟ್ಟಬೇಕು ಎಂದರ್ಥ. ಫ್ಲೋರಿಡಾದಲ್ಲಿ ಸ್ವಂತ ವಾಸದ ಮನೆಯಾದರೆ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 3ಕ್ಕಿಂತ ಹೆಚ್ಚು ಏರುವಂತಿಲ್ಲ. ಅಂಗಡಿ ಕಟ್ಟಡಕ್ಕೆ ಆ ಮಿತಿ ಶೇ 10. ಆ ತೆರಿಗೆಯಲ್ಲಿ ಶಾಲೆಗಳಿಗೆ ಹೋಗುವ ಪಾಲಿಗೆ ಅದೂ ಇಲ್ಲ. ಕಟ್ಟಡ ಮಾರಾಟವಾಯಿತೋ, ಮರುವರ್ಷ ಆ ಮಿತಿಯೂ ಬಿದ್ದುಹೋಗಿ ಮಾರುಕಟ್ಟೆ ಬೆಲೆಗೇ ಲೆಕ್ಕ. ಬೆಳೆಯುವ ಊರಿನಲ್ಲಿ ಕಟ್ಟಡಗಳು ಕೈ ಬದಲಾಯಿಸುತ್ತಲೇ ಇರುತ್ತವೆ. ಮಾರಿದ ಲಾಭ ಮಾಲೀಕನ ಜೇಬಿಗೆ, ಏರಿದ ತೆರಿಗೆ ನಿಮ್ಮ ತಲೆಗೆ. ಕಳೆದ ಮೂರು ವರ್ಷದ ಈ ಬಾಬ್ತಿನ ಬಿಲ್ಲು ಕೇಳಿ, ಏರಿಕೆಗೆ ಮಿತಿ ಬರೆಸಿ, ಮಾರಾಟದಿಂದ ಏರುವ ತೆರಿಗೆ ನಿಮ್ಮದಲ್ಲ ಎಂದೂ ಬರೆಸಿ. ಒಪ್ಪದಿದ್ದರೆ ಎದ್ದು ಬನ್ನಿ.

ಇನ್ನು ನೀರು. 2016ರ ಮ್ಯಾಥ್ಯೂ, 2017ರ ಇರ್ಮಾ ಎರಡೂ ಚಂಡಮಾರುತಗಳಲ್ಲಿ ಇದೇ ಕೌಂಟಿಯ ಸೇಂಟ್ ಅಗಸ್ಟೀನ್ ಊರಿನ ಬೀದಿಗಳಿಗೆ ನೀರು ನುಗ್ಗಿತ್ತು. ಮಾಮೂಲಿ ವಿಮೆಯಲ್ಲಿ ನೆರೆ ಸೇರುವುದಿಲ್ಲ. ಮಾಲೀಕನ ನೆರೆ ವಿಮೆ ಗೋಡೆಗೆ. ನಿಮ್ಮ ಗ್ರೈಂಡರು, ಫ್ರಿಜ್ಜಿಗೆ ನೀವೇ ಬೇರೆ ಮಾಡಿಸಬೇಕು. ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ 30 ದಿನದ ನಂತರವೇ ಜಾರಿಗೆ ಬರುವುದು, ಬಾಗಿಲು ಮುಚ್ಚಿದ ದಿನಗಳ ನಷ್ಟವನ್ನು ಅದು ತುಂಬುವುದೂ ಇಲ್ಲ. ಚಂಡಮಾರುತದ ಹೆಸರು ಟಿವಿಯಲ್ಲಿ ಬಂದ ಮೇಲೆ ನನಗೆ ಫೋನ್ ಮಾಡಬೇಡಿ.

ಪ್ರಶ್ನೆ: ಕೆಲಸ ಕೊಟ್ಟ ಕಂಪನಿಗೆ ಕಟ್ಟುಬಿದ್ದ ಎಚ್-1ಬಿ ವೀಸಾದಲ್ಲಿದ್ದೇನೆ. ಶನಿವಾರ, ಭಾನುವಾರ ಮಾತ್ರ ನನ್ನದೇ ಅಂಗಡಿಯಲ್ಲಿ ಕೂರಬಹುದೇ?

ಉತ್ತರ: ಇಲ್ಲ. ಬೇಕಾದರೆ ಬಂಡವಾಳ ಹಾಕಿ, ಆದರೆ ಗಲ್ಲಾಕ್ಕೆ ಕೂರಬೇಡಿ. ಮುಂದಿನದನ್ನು ವಲಸೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಪ್ರಶ್ನೆ: ಮನೆಯಲ್ಲೇ ಚಕ್ಕುಲಿ, ದೋಸೆ ಹಿಟ್ಟು ಮಾಡಿ ಮಾರಬಹುದೇ?

ಉತ್ತರ: ಚಕ್ಕುಲಿ ಸರಿ. ಫ್ಲೋರಿಡಾದಲ್ಲಿ ವರ್ಷಕ್ಕೆ 2,50,000 ಡಾಲರ್ ವಹಿವಾಟಿನ ತನಕ ಪರವಾನಗಿ ಬೇಡ, ಲೇಬಲ್ ಬೇಕು. ಫ್ರಿಜ್ಜಿನಲ್ಲಿಡಬೇಕಾದ ಹಿಟ್ಟಿಗೆ ಈ ವಿನಾಯಿತಿ ಇಲ್ಲ.

ಪ್ರಶ್ನೆ: ಡೆಲಾವೇರ್ ರಾಜ್ಯದಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿದರೆ ತೆರಿಗೆ ಉಳಿಯುತ್ತದಂತೆ?

ಉತ್ತರ: ಯಾವ ಯೂಟ್ಯೂಬ್ ಪಂಡಿತ ಹೇಳಿದ್ದು? ವ್ಯಾಪಾರ ಫ್ಲೋರಿಡಾದಲ್ಲಿ ಎಂದಮೇಲೆ ಇಲ್ಲೂ ನೋಂದಾಯಿಸಬೇಕು, ಎರಡು ಕಡೆ ಶುಲ್ಕ ತೆರಬೇಕು. ಇಲ್ಲೇ ಮಾಡಿದರೆ 125 ಡಾಲರ್, ಆಮೇಲೆ ವರ್ಷಕ್ಕೊಮ್ಮೆ ವರದಿಗೆ 138.75. ಮೇ 1 ದಾಟಿದರೆ 400 ಡಾಲರ್ ದಂಡ. ಈ ವರ್ಷವೂ ನಿಮ್ಮಲ್ಲಿ ಯಾರಾದರೂ ಮೇ 2ಕ್ಕೆ ಫೋನ್ ಮಾಡುತ್ತೀರಿ, ಗೊತ್ತು.