ಲ್ಯಾಂಕಾಸ್ಟರ್ ಕಿಟ್: ಡಬ್ಬ ಬಿಚ್ಚಿದ ಮೇಲೆ ಮೊದಲು ಏನು ನೋಡಬೇಕು?

ಪ್ರಶ್ನೆ: ಸರ್, ಇಷ್ಟು ದಿನ ಸಣ್ಣ ಫೈಟರ್ ವಿಮಾನಗಳ ಪ್ಲಾಸ್ಟಿಕ್ ಮಾಡೆಲ್ ಕಿಟ್ ಮಾತ್ರ ಮಾಡಿದೀನಿ. ಈಗ ಎರಡನೇ ಮಹಾಯುದ್ಧದ ಬ್ರಿಟನ್ನಿನ ಆವ್ರೋ ಲ್ಯಾಂಕಾಸ್ಟರ್ ಬಾಂಬರ್ ಮಾಡೋ ಆಸೆ, 1/72 ಸ್ಕೇಲಿಂದು (ನಿಜವಾದ ಅಳತೆಯ 72ನೇ ಒಂದು ಭಾಗ) ಎರಡು ಕಿಟ್ ನೋಡಿಟ್ಟಿದೀನಿ. ಒಂದು ಹಳೇ ಅಚ್ಚಿಂದು, ಪಾರ್ಟ್ಸ್ ಕಡಿಮೆ. ಇನ್ನೊಂದು ಹೊಸದು, ಅದರ ಮೂರರಷ್ಟು ಪಾರ್ಟ್ಸ್ ಇದೆ. ಪಾರ್ಟ್ಸ್ ಜಾಸ್ತಿ ಇರೋದೇ ಒಳ್ಳೇ ಕಿಟ್ ಅಲ್ವಾ?

ಉತ್ತರ: ಪಾರ್ಟ್ಸ್ ಲೆಕ್ಕ ನೋಡಿ ಮಾತ್ರ ತಗೋಬೇಡಿ. ನಿಮ್ಮ ಕೈಯಲ್ಲಿ ಸರಿ ಮಾಡಕ್ಕಾಗದೇ ಇರೋದು ಯಾವುದು, ಅದನ್ನ ಮೊದಲು ನೋಡಿ. ನನಗೆ ಅದು ಗಾಜಿನ ಭಾಗಗಳು, ಅಂದ್ರೆ ಕಿಟ್‌ನ ಪಾರದರ್ಶಕ ಪ್ಲಾಸ್ಟಿಕ್ ಪಾರ್ಟ್ಸ್. ಲ್ಯಾಂಕಾಸ್ಟರ್‌ಗೆ ಮೂಗಲ್ಲೊಂದು, ಬೆನ್ನ ಮೇಲೊಂದು, ಬಾಲದಲ್ಲೊಂದು ಗನ್ ಟರೆಟ್ (ಗನ್ ಇಟ್ಟು ತಿರುಗೋ ಗಾಜಿನ ಗೂಡು), ಮೂಗಿನ ಕೆಳಗೆ ಬಾಂಬ್ ಹಾಕೋನು ಮಲಗಿ ನೋಡೋ ಉಬ್ಬು ಗಾಜು, ಅದರ ಹಿಂದೆ ಪೈಲಟ್ ಕೂರೋ ಕಡೆ ಉದ್ದನೇ ಗಾಜಿನ ಮುಚ್ಚಳ (ಕ್ಯಾನಪಿ), ಅಂದ್ರೆ ವಿಮಾನದ ಮುಖಾನೇ ಗಾಜು. ಆ ಪಾರ್ಟನ್ನ ಅಚ್ಚಾದ ಪೇಪರ್ ಮೇಲಿಂದ ಒಂದು ಬೆರಳಷ್ಟು ಎತ್ತಿ ಹಿಡಿದು ಅಕ್ಷರ ಓದಿ ನೋಡಿ. ಅಕ್ಷರ ಅಲೆಅಲೆಯಾಗಿ ಕಂಡ್ರೆ ಪ್ಲಾಸ್ಟಿಕ್ ದಪ್ಪ ಇದೆ, ಒಳಗೆ ಎಷ್ಟು ಚೆಂದ ಪೇಂಟ್ ಮಾಡಿದ್ರೂ ಕಾಣಲ್ಲ. ಸಣ್ಣ ಗೀರಿದ್ರೆ ಪಾಲಿಶ್ ಹಾಕಿ ತೆಗೀಬಹುದು, ಆಕಾರಾನೇ ತಪ್ಪಿದ್ರೆ ಏನೂ ಮಾಡಕ್ಕಾಗಲ್ಲ.

ಬಾಲದ ಟರೆಟ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಕಿಟ್‌ನಲ್ಲಿ ಅದು ಬೆರಳ ತುದಿಯಷ್ಟು ಪಾರ್ಟು, ಆದ್ರೆ ನಿಜವಾದ ವಿಮಾನದಲ್ಲಿ ಏಳು ಜನರಲ್ಲಿ ಒಬ್ಬ ಉಳಿದವರಿಂದ ದೂರ ಒಬ್ಬನೇ ಆ ಚಳೀಲಿ ಗಂಟೆಗಟ್ಟಲೆ ಕೂತಿರ್ತಿದ್ದ. ರಾತ್ರಿ ಕತ್ತಲಲ್ಲಿ ಶತ್ರು ವಿಮಾನ ಸ್ಪಷ್ಟವಾಗಿ ಕಾಣಲಿ ಅಂತ ಎಷ್ಟೋ ಟರೆಟ್‌ಗಳಲ್ಲಿ ಎದುರಿನ ಗಾಜನ್ನೇ ತೆಗೆದುಹಾಕಿದ್ರು. ನೀವು ಮಾಡ್ತಿರೋ ವಿಮಾನದ ಫೋಟೋದಲ್ಲಿ ಹಾಗಿದ್ರೆ ನೀವೂ ಅಷ್ಟು ಜಾಗ ಕತ್ತರಿಸಿ, ನೋಡೋಕೆ ಬೇರೇನೇ ಆಗತ್ತೆ. 7,377 ಲ್ಯಾಂಕಾಸ್ಟರ್ ತಯಾರಾದವು, ಮೂರು ಸಾವಿರಕ್ಕೂ ಹೆಚ್ಚು ಯುದ್ಧದಲ್ಲಿ ಕಳೆದುಹೋದವು, ಹಾಗಾಗಿ ನನಗೆ ಇದು ಬರೀ ಪ್ಲಾಸ್ಟಿಕ್ ಅನ್ಸಲ್ಲ.

ಆಮೇಲೆ ರೆಕ್ಕೆ. ನಿಜವಾದ ರೆಕ್ಕೆ ತುದಿಯಿಂದ ತುದಿಗೆ 102 ಅಡಿ, 1/72ರಲ್ಲಿ ಹತ್ತಿರ ಹತ್ತಿರ 43 ಸೆಂ.ಮೀ. ಗಮ್ ಹಾಕದೆ ಟೇಪ್ ಹಚ್ಚಿ ವಿಮಾನದ ಬಾಡಿಗೆ ಸೇರಿಸಿ ಎದುರಿಂದ ನೋಡಿ: ಬಾಡಿ ಹತ್ತಿರದ ಭಾಗ ಸಮತಟ್ಟಾಗಿರಬೇಕು, ಬಾಡಿ ಕಡೆಯ ಇಂಜಿನ್ ದಾಟಿದ ಮೇಲೆ ರೆಕ್ಕೆ ಮೇಲಕ್ಕೆ ಏರಬೇಕು. ಎರಡೂ ಕಡೆ ಒಂದೇ ಸಮ ಏರಿದ್ಯಾ, ಕೂಡಿದ ಕಡೆ ಸಂದು ಎಷ್ಟಿದೆ, ಇದೇ ಆ ಕಿಟ್‌ನ ನಿಜವಾದ ಪರೀಕ್ಷೆ. ಹೊಸ ಕಿಟ್‌ಗಳಲ್ಲಿ ಬಾಡಿ ಒಳಗಿಂದ ಅಡ್ಡ ಹಾದುಹೋಗೋ ತೊಲೆ ಕೊಟ್ಟಿದ್ರೆ ಅದು ಹೆಚ್ಚಿನ ಪಾರ್ಟಾದ್ರೂ ಬೇಕೇಬೇಕು, ರೆಕ್ಕೆಯ ಕೋನ ಅದೇ ಹಿಡಿದಿಡತ್ತೆ. ರೇಡಿಯೋ ಮೇಜು, ಕುರ್ಚಿ ಇವೆಲ್ಲ ಬಾಡಿ ಮುಚ್ಚಿದ ಮೇಲೆ ಹೆಚ್ಚೂಕಮ್ಮಿ ಕಾಣೋದೇ ಇಲ್ಲ. ಬಾಂಬ್ ಬಾಗಿಲು ತೆರೆದಿಡ್ತೀರಾ ಅಂದ್ರೆ ಬೇರೆ ಮಾತು, ಅದು 33 ಅಡಿ ಉದ್ದದ ಕೋಣೆ, ಮಾಡೆಲ್‌ನಲ್ಲಿ 14 ಸೆಂ.ಮೀ., ಒಳಗಿನ ಡೀಟೇಲ್ ಅಲ್ಲಿ ಎದ್ದು ಕಾಣತ್ತೆ.

ಹಳೇ ಅಚ್ಚಲ್ಲಿ ಪ್ಯಾನಲ್ ಗೆರೆ (ವಿಮಾನದ ಲೋಹದ ಹಾಳೆಗಳು ಕೂಡೋ ಗೆರೆ) ಉಬ್ಬಿರತ್ತೆ, ಹೊಸದರಲ್ಲಿ ಕೊರೆದಿರತ್ತೆ, ಉಗುರಾಡಿಸಿದ್ರೆ ಗೊತ್ತಾಗತ್ತೆ. ಕೊರೆದಿದ್ದೇ ಮೇಲು ಅಂತಾರೆ, ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ. 0.3 ಮಿ.ಮೀ. ಗೆರೆ ಅಂದ್ರೆ ನಿಜವಾದ ವಿಮಾನದಲ್ಲಿ ಎರಡು ಸೆಂ.ಮೀ.ಗೂ ಅಗಲದ ಕಾಲುವೆ! ಹಳೇ ಕಿಟ್‌ನ ಆಕಾರ ಸರಿ ಇದ್ದು ರೆಕ್ಕೆ ಚೆನ್ನಾಗಿ ಕೂತು, ಹೊಸದರಲ್ಲಿ ಹಾಗಿಲ್ದಿದ್ರೆ ಹಳೇದನ್ನೇ ತಗೊಳ್ಳಿ, ಗೆರೆ ನೀವೇ ಕೊರೀಬಹುದು. ಎರಡರಲ್ಲೂ ಗಾಜು, ರೆಕ್ಕೆ ಸರಿ ಇದ್ರೆ ಹೊಸದು.

ಯಾವ ಮಾದರಿ ಅಂತಾನೂ ನೋಡ್ಕೊಳ್ಳಿ. ಹೆಚ್ಚಿನವಕ್ಕೆ ಮರ್ಲಿನ್ ಇಂಜಿನ್, ಎರಡನೇ ಮಾದರಿಯ 300 ವಿಮಾನಕ್ಕೆ ಗುಂಡಗಿರೋ ಹರ್ಕ್ಯುಲಿಸ್. 1943ರ ಮೇನಲ್ಲಿ ಜರ್ಮನಿಯ ಅಣೆಕಟ್ಟುಗಳ ಮೇಲೆ ಹೋದ 19 ವಿಮಾನಗಳಿಗೆ ಬೆನ್ನಿನ ಟರೆಟ್ಟೇ ಇರ್ಲಿಲ್ಲ.

ಪ್ರಶ್ನೆ: ಹಳೇ ಕಿಟ್‌ನ ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಗುರುತುಗಳ ಹಾಳೆ) ಹಳದಿ ಆಗಿದೆ, ಬಿಸಾಕ್ಬೇಕಾ?

ಉತ್ತರ: ಬೇಡ. ಪಾರದರ್ಶಕ ಕವರಿಗೆ ಹಾಕಿ ಬಿಸಿಲು ಬೀಳೋ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ, ಹಳದಿ ಸಾಮಾನ್ಯವಾಗಿ ತಿಳಿಯಾಗತ್ತೆ. ಆಮೇಲೆ ಬೇಡದೇ ಇರೋ ಒಂದು ಚೂರನ್ನ ನೀರಿಗೆ ಹಾಕಿ ನೋಡಿ, ಒಡೆದು ಚೂರಾದ್ರೆ ಉಳಿದ ಹಾಳೆಗೆ ತೆಳುವಾಗಿ ಹೊಳಪಿನ ವಾರ್ನಿಷ್ ಹೊಡೆದು, ಪೂರ್ತಿ ಒಣಗಿದ ಮೇಲೆ ಒಂದೊಂದೇ ಗುರುತನ್ನ ಅಂಚಿಗೆ ಕತ್ತರಿಸಿ ಬಳಸಿ.